ಪಾಲು ಮತ್ತು ಹೊಸ್ತಿಲು: ಬೇರೆಯಾದ ಸಹಮಾಲೀಕರ ನಡುವೆ ವಾಸದ ಮನೆ



ಗಂಡ ಹೆಂಡತಿ ಇಬ್ಬರ ಹೆಸರಿಗೂ ಕ್ರಯಪತ್ರವಾಗಿರುವ ಒಂದು ಮನೆಯನ್ನು ಗಮನದಲ್ಲಿಟ್ಟುಕೊಳ್ಳೋಣ. ದಾಂಪತ್ಯ ಮುರಿದಿದೆ. ವಿಚ್ಛೇದನದ ಅರ್ಜಿ ಕೋರ್ಟಿನಲ್ಲಿರಬಹುದು, ಇನ್ನೂ ಹಾಕದೆಯೂ ಇರಬಹುದು. ಒಬ್ಬರು ಮಕ್ಕಳ ಜೊತೆ ಆ ಮನೆಯಲ್ಲೇ ಉಳಿದಿದ್ದಾರೆ. ಇನ್ನೊಬ್ಬರು ಬೇರೆ ಕಡೆ ಬಾಡಿಗೆಗೆ ಹೋಗಿದ್ದಾರೆ. ಹೋದವರ ಬಳಿ ಬೀಗದ ಕೈ ಇನ್ನೂ ಇದೆ. ಅವರು ಹೇಳದೆ ಕೇಳದೆ ಬಂದು ಬಾಗಿಲು ತೆಗೆದು ಒಳಗೆ ಬರಬಹುದೇ? ಒಳಗಿರುವವರು ಬೀಗವನ್ನೇ ಬದಲಾಯಿಸಿಬಿಡಬಹುದೇ? ಇಂದಿನ ಉಪನ್ಯಾಸದ ವಿಷಯ ಈ ಎರಡು ಪ್ರಶ್ನೆಗಳು.

ಇವಕ್ಕೆ ಪೊಲೀಸ್ ಠಾಣೆಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಇದು ಸಿವಿಲ್ ವಿಚಾರ, ಕೋರ್ಟಿಗೆ ಹೋಗಿ.’ ನೆಂಟರಿಷ್ಟರ ಉತ್ತರ ಎರಡು ಬಗೆ. ‘ತನ್ನ ಮನೆಗೆ ತಾನು ಬರಲು ಯಾರ ಅಪ್ಪಣೆ ಬೇಕು?’ ಎನ್ನುವವರು ಕೆಲವರು. ‘ಬಿಟ್ಟು ಹೋದ ಮೇಲೆ ಇನ್ನೆಂಥ ಹಕ್ಕು?’ ಎನ್ನುವವರು ಕೆಲವರು. ಕಾನೂನಿನ ಕಣ್ಣಿಗೆ ಎರಡೂ ತಪ್ಪು. ಮನೆ ಬಿಟ್ಟ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ಪಾಲಿದ್ದ ಮಾತ್ರಕ್ಕೆ ಬೇಕೆಂದಾಗಲೆಲ್ಲ ಹೊಸ್ತಿಲು ದಾಟುವ ಹಕ್ಕು ಇದ್ದೇ ಇರುತ್ತದೆ ಎನ್ನಲೂ ಬರುವುದಿಲ್ಲ. ಪಾಲನ್ನೂ ಪ್ರವೇಶವನ್ನೂ ಬೇರೆ ಬೇರೆಯಾಗಿ ನೋಡುವ ಅಭ್ಯಾಸ ನಮ್ಮ ಕಾನೂನಿಗೆ ಬಹಳ ಹಿಂದಿನಿಂದ ಇದೆ. ಬೇರೆಯಾದ ದಂಪತಿಯ ವಿಷಯದಲ್ಲಿ ಅದನ್ನು ನಾವು ಅರ್ಧದಷ್ಟೂ ಬಳಸಿಕೊಂಡಿಲ್ಲ. ಇದು ನನ್ನ ವಾದ. ಇದನ್ನು ಹಂತ ಹಂತವಾಗಿ ನಿಮ್ಮ ಮುಂದಿಡುತ್ತೇನೆ.

ಸಹಮಾಲೀಕತ್ವ ಎಲ್ಲಿಂದ ಬರುತ್ತದೆ

ಭಾರತದಲ್ಲಿ ಮದುವೆಯಾದ ಮಾತ್ರಕ್ಕೆ ಆಸ್ತಿ ಜಂಟಿಯಾಗುವುದಿಲ್ಲ. ಗೋವಾದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಪರಂಪರೆ ಉಳಿದಿರುವುದರಿಂದ, ಬೇರೆ ಕರಾರು ಮಾಡಿಕೊಳ್ಳದಿದ್ದರೆ ದಂಪತಿಯ ಆಸ್ತಿ ಇಬ್ಬರಿಗೂ ಸೇರುತ್ತದೆ. ಉಳಿದೆಡೆ ಸಾಮಾನ್ಯವಾಗಿ ಗಂಡನ ಆಸ್ತಿ ಗಂಡನದು, ಹೆಂಡತಿಯ ಆಸ್ತಿ ಹೆಂಡತಿಯದು. ವರ್ಷಾನುಗಟ್ಟಲೆ ಮನೆ ನಡೆಸಿ ಮಕ್ಕಳನ್ನು ಬೆಳೆಸಿದ ದುಡಿಮೆ ಮಾಲೀಕತ್ವದ ಲೆಕ್ಕಕ್ಕೆ ಬರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಮು ಆಸ್ತಿಯ ವಿಲೇವಾರಿಯ ಮಾತಾಡುವುದು ನಿಜ. ಆದರೆ ಅದು ಮದುವೆಯ ಸಮಯದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿರುವ ವಸ್ತುಗಳಿಗೆ ಸೀಮಿತ. ಹತ್ತು ವರ್ಷದ ಮೇಲೆ ಸಾಲ ಮಾಡಿ ಕೊಂಡ ಫ್ಲ್ಯಾಟಿನ ತಂಟೆಗೆ ಅದು ಹೋಗುವುದಿಲ್ಲ.

ಹಾಗಾಗಿ ದಂಪತಿ ಸಹಮಾಲೀಕರಾಗುವುದು ಮದುವೆಯ ಮಂಟಪದಲ್ಲಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಅಲ್ಲಿಗೆ ಇಬ್ಬರೂ ಹೋಗುವುದಕ್ಕೆ ಈಗ ಕಾರಣಗಳು ಹಲವು. ಎರಡು ಸಂಬಳ ತೋರಿಸಿದರೆ ಬ್ಯಾಂಕು ಹೆಚ್ಚು ಸಾಲ ಕೊಡುತ್ತದೆ. ಸಹಮಾಲೀಕರೆಲ್ಲ ಸಾಲದ ಕಾಗದಕ್ಕೂ ಸಹಿ ಹಾಕಬೇಕೆಂದು ಸಾಮಾನ್ಯವಾಗಿ ಕೇಳುತ್ತದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಗೃಹಸಾಲದ ಬಡ್ಡಿಯ ವಿನಾಯಿತಿಯನ್ನು ಇಬ್ಬರೂ ತಂತಮ್ಮ ಪಾಲಿಗೆ ಪಡೆಯಬಹುದು. 2015ರಲ್ಲಿ ಆರಂಭವಾದ ನಗರಗಳ ಪ್ರಧಾನಮಂತ್ರಿ ಆವಾಸ್ ಯೋಜನೆ, ಮನೆಯೊಡತಿಯ ಹೆಸರು ಒಂಟಿಯಾಗಿಯೋ ಜಂಟಿಯಾಗಿಯೋ ಪತ್ರದಲ್ಲಿರಬೇಕೆಂಬ ಷರತ್ತು ಹಾಕಿತು. ಇವೆಲ್ಲ ಒಳ್ಳೆಯ ಬೆಳವಣಿಗೆಗಳೇ. ಹೆಣ್ಣಿನ ಹೆಸರು ಆಸ್ತಿಪತ್ರಕ್ಕೆ ಬಂದದ್ದು ಸಣ್ಣ ಮಾತಲ್ಲ. ಆದರೆ ಜಂಟಿಯಾಗಿ ಕೊಳ್ಳಲು ಪ್ರೋತ್ಸಾಹ ಕೊಟ್ಟ ಯಾವ ವ್ಯವಸ್ಥೆಯೂ ಜಂಟಿತನ ಮುರಿದಾಗ ಮನೆಯನ್ನು ಹೇಗೆ ಬಳಸಬೇಕೆಂದು ಹೇಳಲಿಲ್ಲ.

ಪತ್ರದಲ್ಲಿ ಎರಡು ಹೆಸರಿದ್ದು ಪಾಲಿನ ಪ್ರಮಾಣ ಬರೆಯದೇ ಹೋಗಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮಿನ ಮೊರೆ ಹೋಗಬೇಕು. ಯಾರು ಎಷ್ಟು ಹಣ ಹಾಕಿದರೋ ಅಷ್ಟು ಪಾಲು. ಅದಕ್ಕೆ ಸಾಕ್ಷ್ಯ ಇಲ್ಲದಿದ್ದರೆ ಸಮಪಾಲು. ಸಂಸಾರ ಕೆಟ್ಟ ಮೇಲೆ ಹಳೆಯ ಪಾಸ್‌ಬುಕ್ಕುಗಳು ಬೀರುವಿನಿಂದ ಹೊರಗೆ ಬರುವುದು ಈ ಕಾರಣಕ್ಕೆ. ಇನ್ನು ಪಾಲಿಕೆಯ ಖಾತೆಯಲ್ಲಿ ಯಾರ ಹೆಸರಿದೆ ಎಂಬುದನ್ನು ಹಿಡಿದು ಜಗಳವಾಡುವವರು ಬಹಳ. ಖಾತೆ ತೆರಿಗೆ ವಸೂಲಿಯ ದಾಖಲೆ. ಮಾಲೀಕತ್ವ ಅದರಿಂದ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ.

ಅಂಗುಲ ಅಂಗುಲದಲ್ಲೂ ಇಬ್ಬರು

ಭಾಗವಾಗದ ಆಸ್ತಿಯಲ್ಲಿ ಪ್ರತಿಯೊಬ್ಬ ಸಹಮಾಲೀಕನಿಗೂ ಇಡೀ ಆಸ್ತಿಯ ಮೇಲೆ, ಅದರ ಅಂಗುಲ ಅಂಗುಲದ ಮೇಲೂ ಹಕ್ಕಿದೆ ಎಂಬುದು ಮೂಲತತ್ವ. ಈ ವಿಚಾರಕ್ಕೆ ನಮ್ಮ ನೆಲದಲ್ಲೇ ದೊಡ್ಡ ಚರಿತ್ರೆಯಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವೇ ಮುಂದೆ ಬಂಗಾಳದ ಕಡೆಯನ್ನು ಬಿಟ್ಟು ದೇಶದ ಬಹುಭಾಗಕ್ಕೆ ಅವಿಭಕ್ತ ಕುಟುಂಬದ ಕಾನೂನಾಯಿತು. ಪಾಲಾಗುವ ತನಕ ‘ಈ ಕೋಣೆ ನನ್ನದು, ಆ ಕೋಣೆ ನಿನ್ನದು’ ಎಂದು ಯಾರೂ ಬೆರಳಿಟ್ಟು ತೋರಿಸುವಂತಿಲ್ಲ ಎಂಬುದು ಆ ಪದ್ಧತಿಯ ಜೀವಾಳ. ಬಂಗಾಳದ ದಾಯಭಾಗ ಪದ್ಧತಿಯಲ್ಲಿ ಪಾಲು ಮೊದಲೇ ನಿಶ್ಚಿತ, ಸ್ವಾಧೀನ ಮಾತ್ರ ಒಟ್ಟಿನದು. ಕ್ರಯಪತ್ರದಿಂದ ಸಹಮಾಲೀಕರಾದ ದಂಪತಿಯ ಸ್ಥಿತಿ ಈ ಎರಡನೆಯದಕ್ಕೆ ಹತ್ತಿರ: ಪಾಲು ಇಂತಿಷ್ಟು ಎಂದು ಹೇಳಬಹುದು, ಆದರೆ ಅದು ಮನೆಯ ಯಾವ ಮೂಲೆಯಲ್ಲಿದೆ ಎಂದು ಹೇಳಲಾಗದು.

ಈ ತತ್ವದಿಂದ ಕೆಲವು ಫಲಿತಗಳು ತಾವಾಗಿ ಬರುತ್ತವೆ. ಒಬ್ಬರ ಸ್ವಾಧೀನ ಇಬ್ಬರ ಸ್ವಾಧೀನವೂ ಹೌದು. ಬಿಟ್ಟು ಹೋದವರು ಹನ್ನೆರಡು ವರ್ಷ ಇತ್ತ ತಲೆ ಹಾಕದಿದ್ದರೂ ಅಷ್ಟಕ್ಕೇ ಅವರ ಹಕ್ಕು ನಶಿಸುವುದಿಲ್ಲ. ಅವರ ಹಕ್ಕನ್ನು ಬಹಿರಂಗವಾಗಿ, ಅವರಿಗೆ ತಿಳಿಯುವಂತೆ ಅಲ್ಲಗಳೆದು ಹೊರಗಿಟ್ಟಿದ್ದರೆ ಮಾತ್ರ ಆ ಅವಧಿ ಪ್ರತಿಕೂಲ ಸ್ವಾಧೀನದ ಎಣಿಕೆಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಸ್ಪಷ್ಟಪಡಿಸಿದೆ. ಒಳಗಿರುವವರು ಸುಮ್ಮನೆ ವಾಸವಾಗಿದ್ದಾರೆ ಎಂಬ ಕಾರಣಕ್ಕೆ ಹೊರಗಿರುವವರಿಗೆ ಬಾಡಿಗೆ ಕೊಡಬೇಕಾಗಿಲ್ಲ. ಅವರನ್ನು ಬರಗೊಡದೆ ತಡೆದರೆ ಆ ಅವಧಿಯ ಅನುಭೋಗಕ್ಕೆ ಲೆಕ್ಕ ಕೊಡಬೇಕಾಗಬಹುದು. ಬಲವಂತದಿಂದ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ, ಮಾಲೀಕತ್ವದ ವಿಚಾರಣೆಯ ಗೊಡವೆಯೇ ಇಲ್ಲದೆ ಸ್ವಾಧೀನ ಮರಳಿ ಕೇಳಬಹುದು.

ಕೋರ್ಟ್ ಶುಲ್ಕದಲ್ಲಿ ಕೂಡ ಈ ತತ್ವದ ನೆರಳಿದೆ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೇ ಕಲಮಿನ ಪ್ರಕಾರ, ಪಾಲು ಕೇಳುವ ವಾದಿ ಜಂಟಿ ಸ್ವಾಧೀನದಲ್ಲಿದ್ದರೆ ಚಿಕ್ಕದೊಂದು ನಿಗದಿತ ಶುಲ್ಕ. ಸ್ವಾಧೀನದಿಂದ ಹೊರಹಾಕಲ್ಪಟ್ಟಿದ್ದರೆ ತನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಬೆಂಗಳೂರಿನಂಥ ಊರಲ್ಲಿ ಈ ಎರಡರ ಅಂತರ ಲಕ್ಷಗಳಲ್ಲಿರುತ್ತದೆ. ಹಾಗಾಗಿ ಬಾಡಿಗೆ ಮನೆಯಲ್ಲಿರುವ ವಾದಿ ಕೂಡ ‘ನಾನು ಜಂಟಿ ಸ್ವಾಧೀನದಲ್ಲಿದ್ದೇನೆ’ ಎಂದೇ ವಾದಪತ್ರದಲ್ಲಿ ಬರೆಸುತ್ತಾನೆ. ಹೀಗೆ ಬರೆಸಿದ ಮೇಲೆ ಬೀಗದ ಕೈಯನ್ನು ಹಿಂದಿರುಗಿಸಲು ಅವನಿಗೆ ಮನಸ್ಸು ಬಂದೀತೇ? ಕೈ ಕೊಟ್ಟರೆ ಸ್ವಾಧೀನ ಬಿಟ್ಟಂತೆ ಎಂಬ ಭಯ. ಕಾನೂನಿನ ಲೆಕ್ಕಾಚಾರವೇ ಮನುಷ್ಯರನ್ನು ಹೊಸ್ತಿಲ ಮೇಲೆ ಜಗಳಕ್ಕೆ ನಿಲ್ಲಿಸುವ ಬಗೆ ಇದು.

ಜಂಟಿ ಸ್ವಾಧೀನದ ತತ್ವ ಬೆಳೆದದ್ದು ತೊಟ್ಟಿಮನೆಯಲ್ಲಿ. ಅಲ್ಲಿ ಅಣ್ಣ ತಮ್ಮಂದಿರು ಮಾತು ಬಿಟ್ಟರೂ ಒಬ್ಬನಿಗೆ ಬೀದಿ ಕಡೆಯ ಕೋಣೆ, ಇನ್ನೊಬ್ಬನಿಗೆ ಹಿತ್ತಲ ಕಡೆಯದು ಎಂದು ಹೊಂದಿಸಿಕೊಂಡು, ಒಲೆ ಬೇರೆ ಮಾಡಿಕೊಂಡು ಬಾಳಬಹುದಿತ್ತು. ಎರಡು ಕೋಣೆಯ ಫ್ಲ್ಯಾಟಿಗೆ ಇರುವುದು ಒಂದೇ ಬಾಗಿಲು. ಅಲ್ಲಿ ‘ಇಬ್ಬರಿಗೂ ಎಲ್ಲೆಡೆ ಹಕ್ಕು’ ಎಂಬ ಮಾತನ್ನು ಅಕ್ಷರಶಃ ಜಾರಿಗೆ ತಂದರೆ ಒಬ್ಬರ ಹಕ್ಕು ಇನ್ನೊಬ್ಬರ ನೆಮ್ಮದಿಗೆ ಎರವಾಗುತ್ತದೆ.

ಹೊರಗಿನವರಿಗೆ ಮುಚ್ಚಿದ ಬಾಗಿಲು

ಹಾಗಾದರೆ ಪಾಲುದಾರನಾದವನನ್ನು ಹೊಸ್ತಿಲಾಚೆ ನಿಲ್ಲಿಸುವುದು ನಮ್ಮ ಕಾನೂನಿಗೆ ಅಪರಿಚಿತವೇ? ಅಲ್ಲ. ಅದೇ 1882ರ ಕಾಯ್ದೆಯ 44ನೇ ಕಲಮನ್ನು ನೋಡಿ. ಸಹಮಾಲೀಕ ತನ್ನ ಪಾಲನ್ನು ಮಾರಿದರೆ, ಕೊಂಡವನಿಗೆ ಜಂಟಿ ಸ್ವಾಧೀನದ ಹಕ್ಕೂ ಪಾಲು ಮಾಡಿಸಿಕೊಳ್ಳುವ ಹಕ್ಕೂ ಸಿಗುತ್ತದೆ ಎಂದು ಅದರ ಮೊದಲ ಭಾಗ ಹೇಳುತ್ತದೆ. ಎರಡನೆಯ ಭಾಗ ಒಂದು ತಡೆ ಹಾಕುತ್ತದೆ: ಮಾರಿದ್ದು ಅವಿಭಕ್ತ ಕುಟುಂಬದ ವಾಸದ ಮನೆಯ ಪಾಲಾಗಿದ್ದು, ಕೊಂಡವನು ಆ ಕುಟುಂಬಕ್ಕೆ ಸೇರದವನಾಗಿದ್ದರೆ, ಅವನಿಗೆ ಜಂಟಿ ಸ್ವಾಧೀನ ಇಲ್ಲ. ಅವನು ಪಾಲು ಮಾಡಿಸಿಕೊಳ್ಳಲು ದಾವೆ ಹಾಕಬೇಕು. ಒಳಗೆ ಬಂದು ಕೂರುವಂತಿಲ್ಲ.

1893ರ ವಿಭಾಗ ಕಾಯ್ದೆಯ 4ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಗೆ ದಾವೆ ಹಾಕಿದ ಹೊರಗಿನವನ ಪಾಲನ್ನು ಕೋರ್ಟು ನಿಗದಿ ಮಾಡಿದ ಬೆಲೆಗೆ ಕುಟುಂಬದ ಪಾಲುದಾರರೇ ಕೊಂಡುಕೊಳ್ಳಲು ಅವಕಾಶ ಕೊಟ್ಟಿತು. ಈ ನಿಯಮಗಳು ಹಿಂದೂ ಅವಿಭಕ್ತ ಕುಟುಂಬಕ್ಕೆ ಮಾತ್ರ ಮೀಸಲಲ್ಲ. 1990ರಲ್ಲಿ ಸುಪ್ರೀಂ ಕೋರ್ಟು ಮುಂಬಯಿಯ ಪಾರ್ಸಿ ಕುಟುಂಬವೊಂದರ ಮನೆಯ ವಿಚಾರದಲ್ಲಿ, ಪಾಲು ಕೊಂಡು ಒಳಗೆ ಬಂದು ಸೇರಿದ್ದವರ ವಿರುದ್ಧ ದಾವೆ ಬಾಕಿಯಿರುವಾಗಲೇ ಆಜ್ಞಾಪಕ ಮಧ್ಯಂತರ ಆದೇಶವನ್ನು ಎತ್ತಿಹಿಡಿಯಿತು. ದಾವೆ ಮುಗಿಯಲಿ ಎಂದು ಕಾದರೆ ಆಗುವ ಹಾನಿಗೆ ಹಣ ಪರಿಹಾರವಾಗದು ಎಂಬುದು ಅಲ್ಲಿನ ತರ್ಕ.

ಇಲ್ಲಿ ಒಂದು ತತ್ವ ಅಡಗಿದೆ. ವಾಸದ ಮನೆ ಉಳಿದ ಸ್ಥಿರಾಸ್ತಿಯ ಹಾಗಲ್ಲ. ಅದರೊಳಗಿನ ಬಾಳಿಗೆ ಒಂದು ಖಾಸಗಿತನವಿದೆ. ಅದನ್ನು ಕಾಯಲು ಪಾಲಿಗೆ ಧಕ್ಕೆ ತಾರದೆ ಪ್ರವೇಶವನ್ನು ತಡೆಯಬಹುದು. ಆದರೆ 1882ರ ಶಾಸನಕಾರರ ಕಲ್ಪನೆಯಲ್ಲಿ ಅಪಾಯ ಬರುವುದು ಯಾವಾಗಲೂ ಹೊರಗಿನಿಂದ. ಒಳಗಿನವನೇ ಹೊರಗಿನವನಾದರೆ ಏನು ಗತಿ ಎಂಬ ಯೋಚನೆ ಅವರಿಗೆ ಬಂದಿರಲಿಲ್ಲ. ಇದರ ಪರಿಣಾಮ ವಿಚಿತ್ರ. ಬೇರೆಯಾದ ಗಂಡ ತನ್ನ ಅರ್ಧ ಪಾಲನ್ನು ದಾರಿಹೋಕನಿಗೆ ಮಾರಿದರೆ, ಕೊಂಡವನನ್ನು ಹೊಸ್ತಿಲಲ್ಲೇ ತಡೆಯಲು ಹೆಂಡತಿಗೆ 44ನೇ ಕಲಮಿನಲ್ಲಿ ಬಲವಾದ ಆಧಾರವಿದೆ. ಅದೇ ಗಂಡ ಮಾರದೆ ತಾನೇ ಬಂದು ನಿಂತರೆ ಆ ಕಲಮು ಮೌನ.

ಪಾಲನ್ನೂ ವಾಸವನ್ನೂ ಬೇರ್ಪಡಿಸುವುದು ತನ್ನಷ್ಟಕ್ಕೆ ಒಳಿತು ಎಂದು ನಾನು ಹೇಳುತ್ತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮು ಇದೇ ಉಪಾಯವನ್ನು ಹೆಣ್ಣುಮಕ್ಕಳ ವಿರುದ್ಧ ಬಳಸಿತ್ತು. ತಂದೆಯ ಮನೆಯಲ್ಲಿ ಮಗಳಿಗೆ ಪಾಲಿದ್ದರೂ ಗಂಡುಮಕ್ಕಳು ಭಾಗ ಮಾಡಿಕೊಳ್ಳುವ ತನಕ ಅವಳು ಭಾಗ ಕೇಳುವಂತಿರಲಿಲ್ಲ. ವಾಸದ ಹಕ್ಕು ಕೂಡ ಅವಳು ಮದುವೆಯಾಗದವಳೋ, ಗಂಡ ಬಿಟ್ಟವಳೋ, ಗಂಡನಿಂದ ಬೇರೆಯಾದವಳೋ, ವಿಧವೆಯೋ ಆಗಿದ್ದರೆ ಮಾತ್ರ. ಸಂಸಾರ ನೆಟ್ಟಗಿರುವ ಮಗಳು ತನ್ನದೇ ಪಾಲಿರುವ ಮನೆಗೆ ನೆಂಟಳು. 2005ರ ಸೆಪ್ಟೆಂಬರ್ 9ರಿಂದ ಆ ಕಲಮು ಇಲ್ಲವಾಯಿತು. ಆದ್ದರಿಂದ ಪ್ರವೇಶವನ್ನು ತಡೆಯುವ ಯಾವ ನಿಯಮವನ್ನೂ ನಾವು ಕೇಳಬೇಕಾದ ಪ್ರಶ್ನೆಗಳು ಇವು: ಈ ತಡೆ ಯಾರ ರಕ್ಷಣೆಗೆ, ಎಷ್ಟು ಕಾಲಕ್ಕೆ, ಹೊರಗುಳಿದವರಿಗೆ ಪ್ರತಿಯಾಗಿ ಏನು ಸಿಗುತ್ತದೆ?

2005ರ ಕಾಯ್ದೆ ತಂದ ತಿರುವು

ಒಳಗಿನವರಿಂದಲೇ ಬರುವ ಅಪಾಯವನ್ನು ನೇರವಾಗಿ ಎದುರಿಸಿದ ಶಾಸನ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ. ಅದು 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 17ನೇ ಕಲಮು ಹಂಚಿಕೊಂಡು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಮಹಿಳೆಗೆ ಕೊಡುತ್ತದೆ. ಅವಳ ಹೆಸರಿನಲ್ಲಿ ಪಾಲಿರಲಿ, ಇಲ್ಲದಿರಲಿ. 19ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಎದುರುದಾರನಿಗೆ ಆ ಮನೆ ಬಿಟ್ಟು ಹೋಗೆಂದು ಹೇಳಬಹುದು. ಅವಳು ವಾಸಿಸುವ ಭಾಗಕ್ಕೆ ಅವನೂ ಅವನ ಬಂಧುಗಳೂ ಕಾಲಿಡಬಾರದೆಂದು ತಡೆಯಬಹುದು. ಮನೆಯನ್ನು ಮಾರಬಾರದು, ಅಡವಿಡಬಾರದು ಎನ್ನಬಹುದು. ಬದಲಿ ಮನೆಯನ್ನೋ ಅದರ ಬಾಡಿಗೆಯನ್ನೋ ಕೊಡಿಸಬಹುದು. ಅವಳ ವಾಸಕ್ಕೆ ಭಂಗ ತರಬಾರದೆಂಬ ಆದೇಶ ಕೊಡುವಾಗ, ಎದುರುದಾರನಿಗೆ ಆ ಮನೆಯಲ್ಲಿ ಹಕ್ಕು ಇದೆಯೇ ಇಲ್ಲವೇ ಎಂಬುದು ಅಡ್ಡಿಯಾಗದು ಎಂದು ಶಾಸನವೇ ಹೇಳುತ್ತದೆ. ಪಾಲು ಬೇರೆ, ಪ್ರವೇಶ ಬೇರೆ ಎಂಬ ಮಾತು ಇಷ್ಟು ಬಿಚ್ಚಿಟ್ಟ ರೂಪದಲ್ಲಿ ನಮ್ಮ ಶಾಸನಗಳಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ.

ಕೋರ್ಟುಗಳು ಇದನ್ನು ಅರಗಿಸಿಕೊಳ್ಳಲು ಸಮಯ ಹಿಡಿಯಿತು. 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಅತ್ತೆಯ ಹೆಸರಿನಲ್ಲಿರುವ ಮನೆ ಸೊಸೆಗೆ ಹಂಚಿಕೊಂಡ ಮನೆಯಾಗದು ಎಂದು ಕಾಯ್ದೆಯ ವ್ಯಾಪ್ತಿಯನ್ನು ಕುಗ್ಗಿಸಿತು. 2020ರ ಅಕ್ಟೋಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಮನೆ ಯಾರ ಹೆಸರಿನಲ್ಲಿದೆ ಎನ್ನುವುದಕ್ಕಿಂತ ಅಲ್ಲಿ ಸಂಸಾರ ನಡೆದಿತ್ತೇ ಎಂಬುದನ್ನು ಮುಂದಿಟ್ಟಿತು. ಜೊತೆಗೆ, ವಾಸದ ಹಕ್ಕು ಯಾವ ಕಾಲಕ್ಕೂ ಅಲುಗದ ಹಕ್ಕಲ್ಲ, ವಯಸ್ಸಾದ ಅತ್ತೆ ಮಾವಂದಿರ ನೆಮ್ಮದಿಯನ್ನೂ ತೂಗಿ ನೋಡಬೇಕು ಎಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದದ್ದು ಬೆಂಗಳೂರಿನದೇ ಒಂದು ಪ್ರಕರಣ. ಗಂಡ ತಾನು ಕೊಂಡ ನಿವೇಶನವನ್ನು ತಂದೆಗೆ ಮಾರಿದ್ದ. ತಂದೆ ಅದನ್ನು ತನ್ನ ಹೆಂಡತಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಆಮೇಲೆ ಹಿರಿಯ ನಾಗರಿಕರ ಕಾಯ್ದೆಯ ಶೀಘ್ರ ವಿಚಾರಣೆಯ ಮೂಲಕ ಸೊಸೆಯನ್ನು ಹೊರಹಾಕುವ ಆದೇಶವಾಗಿತ್ತು. ಒಂದು ಕಾಯ್ದೆ ಕೊಟ್ಟ ವಾಸದ ಹಕ್ಕನ್ನು ಇನ್ನೊಂದು ಕಾಯ್ದೆಯ ಅಡ್ಡದಾರಿಯಿಂದ ಕಸಿಯಲಾಗದು ಎಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು. 2022ರ ಮೇ ತಿಂಗಳ ತೀರ್ಪು, ಅರ್ಜಿ ಹಾಕುವ ಹೊತ್ತಿಗೆ ಮಹಿಳೆ ಆ ಮನೆಯಲ್ಲೇ ವಾಸವಾಗಿರಬೇಕೆಂದೇನೂ ಇಲ್ಲ ಎಂದಿತು.

ಕಾಯ್ದೆ ಮುಟ್ಟದ ಜಾಗ

ಇಷ್ಟಾದರೂ ನಮ್ಮ ಆರಂಭದ ಪ್ರಶ್ನೆಗಳಿಗೆ ಪೂರ್ತಿ ಉತ್ತರ ಸಿಕ್ಕಂತಾಗಲಿಲ್ಲ. 2005ರ ಕಾಯ್ದೆಯ ಬಾಗಿಲು 'ಹಿಂಸೆ'. ಅದರ ವ್ಯಾಖ್ಯೆ ವಿಶಾಲವಾಗಿದೆ. ಮಾತಿನ, ಮನಸ್ಸಿನ, ಹಣಕಾಸಿನ ಕಿರುಕುಳವೂ ಅದರೊಳಗೆ ಬರುತ್ತದೆ. ಆದರೂ ಎಲ್ಲ ದಾಂಪತ್ಯಗಳೂ ಹಿಂಸೆಯಿಂದ ಮುರಿಯುವುದಿಲ್ಲ. ಮನಸ್ಸು ಒಡೆದು ಸುಮ್ಮನೆ ದೂರವಾದವರು, ಮನೆಯ ಬಳಕೆಗೊಂದು ವ್ಯವಸ್ಥೆ ಬೇಕೆಂದಷ್ಟಕ್ಕೆ ಪರಸ್ಪರರ ಮೇಲೆ ಹಿಂಸೆಯ ಆರೋಪ ಹೊರಿಸಬೇಕಾದ ಸ್ಥಿತಿ ಬರಬಾರದು. ಇನ್ನು, ಈ ಕಾಯ್ದೆಯಡಿ ಅರ್ಜಿದಾರಳಾಗಬಹುದಾದ್ದು ಮಹಿಳೆ ಮಾತ್ರ. ಅದಕ್ಕೆ ಸಕಾರಣವಿದೆ. ಆದರೆ ಹೆಂಡತಿಯೇ ಬೀಗ ಬದಲಾಯಿಸಿ ಗಂಡನನ್ನು ಹೊರಗಿಟ್ಟ ಸಂದರ್ಭದಲ್ಲಿ ಅವನಿಗೆ ಉಳಿಯುವುದು ಸಿವಿಲ್ ದಾವೆ ಅಥವಾ ಕೌಟುಂಬಿಕ ನ್ಯಾಯಾಲಯ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮು ದಂಪತಿಯ ಆಸ್ತಿಯ ದಾವೆಗಳನ್ನೂ ದಾಂಪತ್ಯದಿಂದ ಹುಟ್ಟುವ ತಡೆಯಾಜ್ಞೆಯ ಅರ್ಜಿಗಳನ್ನೂ ಅಲ್ಲಿಗೆ ಕಳಿಸುತ್ತದೆ.

ಅಂತಿಮ ಪರಿಹಾರವೆಂದರೆ ಪಾಲು. ಫ್ಲ್ಯಾಟನ್ನು ಗೋಡೆ ಹಾಕಿ ಇಬ್ಭಾಗ ಮಾಡಲಾಗದು. 1893ರ ಕಾಯ್ದೆಯ 2ನೇ ಕಲಮಿನಂತೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು ಕೇಳಿದರೆ ಕೋರ್ಟು ಮಾರಾಟಕ್ಕೆ ಆದೇಶಿಸಿ ಹಣ ಹಂಚಬಹುದು. 3ನೇ ಕಲಮಿನಂತೆ ಇನ್ನೊಬ್ಬ ಪಾಲುದಾರರು ಮೌಲ್ಯ ಕಟ್ಟಿಸಿ ತಾವೇ ಕೊಳ್ಳಬಹುದು. ಕಾಗದದ ಮೇಲೆ ಇದು ಚೊಕ್ಕ. ನಡೆಯುವುದು ಬೇರೆ. ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಕಮಿಷನರ್ ನೇಮಕ, ವರದಿ, ಆಕ್ಷೇಪಣೆ, ಅಂತಿಮ ಡಿಕ್ರಿ, ನಡುವೆ ಮೇಲ್ಮನವಿ. ಪ್ರಾಥಮಿಕ ಡಿಕ್ರಿಯಾದ ಮೇಲೆ ಪಕ್ಷಗಾರರು ಮತ್ತೆ ಅರ್ಜಿ ಹಾಕಲೆಂದು ಕಾಯದೆ ಕೋರ್ಟುಗಳೇ ಅಂತಿಮ ಡಿಕ್ರಿಯ ಕಡೆಗೆ ಮುಂದುವರಿಯಬೇಕೆಂದು ಸುಪ್ರೀಂ ಕೋರ್ಟು 2022ರ ಜೂನಿನಲ್ಲಿ ಹೇಳಬೇಕಾಗಿ ಬಂತೆಂದರೆ ವಿಳಂಬ ಎಷ್ಟಿದೆ ಎಂದು ಊಹಿಸಬಹುದು.

ಅಷ್ಟರಲ್ಲಿ ಕಂತು ನಿಲ್ಲುವುದಿಲ್ಲ. ಗೃಹಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದಾರೆ. ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ ಬ್ಯಾಂಕು ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. ಕೊಟ್ಟವರು ಇನ್ನೊಬ್ಬರಿಂದ ಅವರ ಭಾಗ ವಸೂಲು ಮಾಡಿಕೊಳ್ಳಬೇಕು. ‘ನಾನು ಅಲ್ಲಿ ವಾಸವಿಲ್ಲ, ಕಂತು ಯಾಕೆ ಕಟ್ಟಲಿ?’ ಎಂಬ ಸಿಟ್ಟು ಬ್ಯಾಂಕಿಗೆ ಸಂಬಂಧಿಸಿದ್ದಲ್ಲ. ಕಂತು ತಪ್ಪಿದರೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು, ಮುಂದೆ ಹರಾಜು. ಆಗ ಪಾಲೂ ಹೋಗುತ್ತದೆ, ಪ್ರವೇಶವೂ ಹೋಗುತ್ತದೆ. ದಾವೆ ಹೂಡಿದ ದಿನಕ್ಕೂ ಮನೆ ವಿಲೇವಾರಿಯಾದ ದಿನಕ್ಕೂ ನಡುವಿನ ಈ ವರ್ಷಗಳೇ ನಮ್ಮ ನಿಜವಾದ ಸಮಸ್ಯೆ. ಆ ಅವಧಿಗೆ ಬೇಕಾದ ಕಟ್ಟಳೆಗಳನ್ನು ಯಾರೂ ಬರೆದಿಲ್ಲ.

ಪಾರಿಖತ್ತಿನ ಪಾಠ

ಹಾಗೆಂದು ಅವನ್ನು ಬರೆಯಲು ನಮಗೆ ಬಾರದೇನೂ ಅಲ್ಲ. ನಮ್ಮ ಹಳ್ಳಿಗಳ ಹಳೆಯ ಪಾರಿಖತ್ತುಗಳನ್ನು, ಪಾಲುಪಟ್ಟಿಗಳನ್ನು ತೆರೆದು ನೋಡಿದರೆ ಸಾಕು. ಚಕ್ಕುಬಂದಿ ಬರೆದು ‘ಎ’ ಷೆಡ್ಯೂಲು, ‘ಬಿ’ ಷೆಡ್ಯೂಲು ಎಂದು ಪಾಲು ಹಂಚಿದ ಮೇಲೆ ಪತ್ರ ಮುಗಿಯುವುದಿಲ್ಲ. ಹಿತ್ತಲ ಬಾವಿಯ ನೀರನ್ನು ಉಭಯತ್ರರೂ ಸೇದಿಕೊಳ್ಳತಕ್ಕದ್ದು. ಪಡಸಾಲೆಯ ಮೂಲಕ ಕೊಟ್ಟಿಗೆಗೆ ದನ ಹೊಡೆದುಕೊಂಡು ಹೋಗಲು ಅಡ್ಡಿಪಡಿಸತಕ್ಕದ್ದಲ್ಲ. ದೇವರ ಕೋಣೆ ಜಂಟಿಯಾಗಿರತಕ್ಕದ್ದು. ತಾಯಿಯವರು ಜೀವಂತ ಇರುವ ತನಕ ಬೀದಿ ಕೋಣೆಯಲ್ಲಿ ವಾಸವಿರತಕ್ಕದ್ದು. ಈ ಧಾಟಿಯ ಷರತ್ತುಗಳು ಅಲ್ಲಿ ಸಾಲುಸಾಲಾಗಿ ಬರುತ್ತವೆ. ಬರೆಸಿದವರು ಮಾತು ಬಿಟ್ಟ ದಾಯಾದಿಗಳು. ನಾಳೆಯಿಂದಲೂ ಇವರು ಒಬ್ಬರ ಮುಖ ಒಬ್ಬರು ನೋಡಲಾರರು ಎಂದು ಗೊತ್ತಿದ್ದೇ ಪತ್ರಬರಹಗಾರ ಯಾರು, ಯಾವ ದಾರಿಯಲ್ಲಿ, ಯಾವ ಕಾರಣಕ್ಕೆ ನಡೆಯಬಹುದು ಎಂಬುದನ್ನು ಪಾಲಿನಿಂದ ಬೇರೆಯಾಗಿ ಬರೆದಿಟ್ಟ. ತಾಯಿಗೆ ಪಾಲಿಲ್ಲದಿದ್ದರೂ ವಾಸ ಇತ್ತು. ಕೊಟ್ಟಿಗೆಯವನಿಗೆ ಪಡಸಾಲೆಯಲ್ಲಿ ಪಾಲಿಲ್ಲದಿದ್ದರೂ ನಡೆದಾಡುವ ಹಕ್ಕಿತ್ತು.

ಇದೇ ವಿವೇಕವನ್ನು ಇಂದಿನ ಫ್ಲ್ಯಾಟಿಗೆ ತರಬೇಕು. ಬೇರೆಯಾದ ಸಹಮಾಲೀಕರ ನಡುವಿನ ಮಧ್ಯಂತರ ಏರ್ಪಾಟಿನಲ್ಲಿ ಇರಬೇಕಾದ್ದನ್ನು ಹೇಳುತ್ತೇನೆ. ವಾಸ ಯಾರದು, ಯಾವ ತಾರೀಖಿನ ತನಕ ಎಂಬುದು ಮೊದಲು. ಆ ಅವಧಿಯಲ್ಲಿ ವಾಸವಿರುವವರು ಬೀಗ ಬದಲಾಯಿಸಿಕೊಳ್ಳಬಹುದು. ಬೆಂಕಿ, ನೀರು ಸೋರಿಕೆಯಂಥ ತುರ್ತಿಗೆಂದು ಒಂದು ಕೈ ವಕೀಲರ ಬಳಿಯೋ ಕೋರ್ಟಿನಲ್ಲೋ ಮೊಹರಾಗಿ ಇರಲಿ. ಹೊರಗಿರುವವರು ಬರಬಹುದಾದ ಕಾರಣಗಳನ್ನು ಪಟ್ಟಿಮಾಡಬೇಕು: ತಮ್ಮ ಸಾಮಾನು ಮತ್ತು ಕಾಗದಪತ್ರ ಒಯ್ಯಲು, ದುರಸ್ತಿ ಬೇಕೇ ಎಂದು ನೋಡಲು, ಮೌಲ್ಯ ಕಟ್ಟುವವರನ್ನೋ ಕೊಳ್ಳುವವರನ್ನೋ ಕರೆತರಲು. ಬರುವುದಾದರೆ ಎರಡು ದಿನ ಮುಂಚೆ ಬರಹದಲ್ಲಿ ತಿಳಿಸಿ, ಹಗಲು ಹೊತ್ತಿನಲ್ಲಿ, ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವರ ಎದುರು. ಹಿಂಸೆಯ ಚರಿತ್ರೆ ಇದ್ದಲ್ಲಿ ಈ ಭೇಟಿಯೂ ಬೇಡ. ಸಾಮಾನನ್ನು ಮೂರನೆಯವರ ಕೈಯಲ್ಲಿ ಕಳಿಸಿದರಾಯಿತು. ಕಂತು, ಆಸ್ತಿ ತೆರಿಗೆ, ಅಪಾರ್ಟ್‌ಮೆಂಟಿನ ನಿರ್ವಹಣಾ ವೆಚ್ಚ ಯಾರು ಕಟ್ಟುತ್ತಾರೆ, ಅದು ಕೊನೆಯ ಲೆಕ್ಕದಲ್ಲಿ ಹೇಗೆ ಹೊಂದಾಣಿಕೆಯಾಗುತ್ತದೆ ಎಂಬುದೂ ಬರಹದಲ್ಲಿರಬೇಕು. ಒಬ್ಬರೇ ವಾಸವಿರುವ ಅನುಕೂಲಕ್ಕೆ ಇನ್ನೊಬ್ಬರಿಗೆ ಒಂದು ಪರಿಹಾರವನ್ನು ಲೆಕ್ಕ ಹಿಡಿಯಬಹುದು. ಯಾರೂ ಪಾಲು ಪರಭಾರೆ ಮಾಡಬಾರದು, ಬಾಡಿಗೆಗೆ ಕೊಡಬಾರದು. ಮುಖ್ಯವಾಗಿ, ಹೀಗೆ ಕೈ ಒಪ್ಪಿಸಿದ್ದರಿಂದ ಸ್ವಾಧೀನ ಬಿಟ್ಟಂತಾಗಲಿಲ್ಲ ಎಂಬ ಒಂದು ಸಾಲು ಇರಲೇಬೇಕು. ಕೋರ್ಟ್ ಶುಲ್ಕದ ಭಯವೂ ಪ್ರತಿಕೂಲ ಸ್ವಾಧೀನದ ಭಯವೂ ಆ ಒಂದು ಸಾಲಿನಿಂದ ಬಹುಮಟ್ಟಿಗೆ ಇಳಿಯುತ್ತವೆ.

ಮಕ್ಕಳನ್ನು ನೋಡುವ ವಿಷಯವನ್ನು ಇದರೊಳಗೆ ಬೆರೆಸಬಾರದು. ಮಗುವಿನ ಭೇಟಿಗೆ ಬೇರೆ ಜಾಗ, ಬೇರೆ ಹೊತ್ತು, ಬೇರೆ ಆದೇಶ ಇರಲಿ. ಮಗುವಿನ ನೆಪದಲ್ಲಿ ಮನೆಗೆ ಬರುವುದು, ಮನೆಯ ಸಿಟ್ಟಿನಲ್ಲಿ ಮಗುವನ್ನು ತೋರಿಸದಿರುವುದು, ಎರಡೂ ಮಗುವಿಗೇ ಪೆಟ್ಟು.

ಏನಾಗಬೇಕು

ಇಂಥ ಆದೇಶ ಕೊಡಲು ಕೋರ್ಟುಗಳಿಗೆ ಅಧಿಕಾರವಿದೆಯೇ ಎಂದು ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಲ್ಲಿ ತಡೆಯಾಜ್ಞೆಯ ನಿಯಮಗಳಷ್ಟೇ ಇಲ್ಲ. ಅದರ 7ನೇ ನಿಯಮ, ವ್ಯಾಜ್ಯದ ಆಸ್ತಿಯನ್ನು ಕಾಪಾಡಲು, ಪರಿಶೀಲಿಸಲು ಆದೇಶ ಕೊಟ್ಟು, ಅದಕ್ಕಾಗಿ ಇನ್ನೊಬ್ಬರ ಸ್ವಾಧೀನದಲ್ಲಿರುವ ಕಟ್ಟಡದೊಳಕ್ಕೆ ಪ್ರವೇಶಿಸಲು ಯಾರಿಗಾದರೂ ಅಧಿಕಾರ ಕೊಡುವ ಶಕ್ತಿಯನ್ನು ಕೋರ್ಟಿಗೆ ಕೊಡುತ್ತದೆ. ಇದು ಉದ್ದೇಶಕ್ಕೆ ಕಟ್ಟುಬಿದ್ದ ಪ್ರವೇಶ. ನಾನು ಹೇಳುತ್ತಿರುವುದೂ ಅದೇ. ಕೌಟುಂಬಿಕ ನ್ಯಾಯಾಲಯಗಳಿಗೆ ರಾಜಿಗೆ ಪ್ರಯತ್ನಿಸುವ ಕರ್ತವ್ಯ ಹೇಗೂ ಇದೆ. ಸಂಸಾರವನ್ನು ಮತ್ತೆ ಕೂಡಿಸುವುದಕ್ಕೆ ಹಾಕುವ ಶ್ರಮದಲ್ಲಿ ಒಂದಿಷ್ಟನ್ನು, ಕೂಡದವರ ನಡುವೆ ಮನೆಯ ಬಳಕೆಯನ್ನು ಗೊತ್ತುಮಾಡುವುದಕ್ಕೂ ಹಾಕಬಹುದು.

ಇಂಗ್ಲೆಂಡಿನಲ್ಲಿ 1996ರಲ್ಲಿ ಬಂದ ಎರಡು ಶಾಸನಗಳು ಈ ವಿಷಯದಲ್ಲಿ ಗಮನಿಸತಕ್ಕವು. ಕೌಟುಂಬಿಕ ಕಾನೂನು ಕಾಯ್ದೆಯಡಿ ಅಲ್ಲಿನ ಕೋರ್ಟು ಮನೆಯಲ್ಲಿ ಯಾರು ಇರಬೇಕೆಂದು ತೀರ್ಮಾನಿಸುವಾಗ ಇಬ್ಬರ ಮತ್ತು ಮಕ್ಕಳ ವಸತಿಯ ಅಗತ್ಯ, ಹಣಕಾಸು, ಆರೋಗ್ಯ, ನಡತೆ ಎಲ್ಲವನ್ನೂ ನೋಡಿ, ಆದೇಶ ಕೊಟ್ಟರೆ ಯಾರಿಗೆ ಹೆಚ್ಚು ಹಾನಿ, ಕೊಡದಿದ್ದರೆ ಯಾರಿಗೆ ಹೆಚ್ಚು ಹಾನಿ ಎಂದು ತೂಗುತ್ತದೆ. ಅರ್ಜಿದಾರರು ಗಂಡಾಗಲಿ ಹೆಣ್ಣಾಗಲಿ ಕ್ರಮ ಒಂದೇ. ಜಂಟಿ ಭೂಮಾಲೀಕತ್ವದ ಇನ್ನೊಂದು ಕಾಯ್ದೆ, ಒಳಗೆ ವಾಸವಿರುವವರು ಹೊರಗುಳಿದವರಿಗೆ ಪರಿಹಾರ ಕೊಡಬೇಕೆಂಬ ಷರತ್ತು ಹಾಕಲು ಅವಕಾಶ ಕೊಡುತ್ತದೆ. ಇವನ್ನು ಹಾಗೆಯೇ ಎತ್ತಿ ತರಬೇಕೆಂದಿಲ್ಲ. 2005ರ ಕಾಯ್ದೆಯ ರಕ್ಷಣೆಯನ್ನು ಒಂದಿನಿತೂ ಸಡಿಲಿಸದೆ, ಹಿಂಸೆಯ ಆರೋಪವಿಲ್ಲದ ಪ್ರಕರಣಗಳಿಗೆ ಮಧ್ಯಂತರ ವಾಸ ಮತ್ತು ಪ್ರವೇಶದ ಆದೇಶವನ್ನು ನಮ್ಮ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಗೆ ಸೇರಿಸುವುದು ಸಾಧ್ಯವೂ ಹೌದು, ಅಗತ್ಯವೂ ಹೌದು.

ರಾಜಿಯಾಗುವವರಿಗೆ ಒಂದು ಎಚ್ಚರಿಕೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ‘ಮನೆ ಹೆಂಡತಿಗೆ, ಹಣ ಗಂಡನಿಗೆ’ ಎಂದು ಬರೆದು ಸಹಿ ಹಾಕಿ ನಿಶ್ಚಿಂತರಾಗುವವರಿದ್ದಾರೆ. ಆ ಪ್ರಕರಣದ ವಿಷಯವೇ ಆಗಿರದ ಸ್ಥಿರಾಸ್ತಿಯನ್ನು ರಾಜಿ ಡಿಕ್ರಿಯಲ್ಲಿ ಸೇರಿಸಿದರೆ 1908ರ ನೋಂದಣಿ ಕಾಯ್ದೆಯ 17ನೇ ಕಲಮು ನೋಂದಣಿ ಕೇಳುತ್ತದೆ. ಇಲ್ಲವೇ ಹಕ್ಕುಬಿಡುಗಡೆ ಪತ್ರ ಮಾಡಿ ನೋಂದಾಯಿಸಬೇಕು. ಸಾಲ ತೀರುವ ತನಕ ಮೂಲ ಕ್ರಯಪತ್ರ ಬ್ಯಾಂಕಿನ ವಶದಲ್ಲೇ ಇರುವುದರಿಂದ ಬ್ಯಾಂಕಿನ ಒಪ್ಪಿಗೆಯನ್ನೂ ಜೊತೆಗೇ ಪಡೆಯಬೇಕು. ಹಕ್ಕು ಬಿಟ್ಟುಕೊಟ್ಟ ಗಂಡ ಸಾಲದ ಕರಾರಿನಲ್ಲಿ ಹಾಗೆಯೇ ಉಳಿದುಹೋದರೆ, ಮನೆ ಅವನದಲ್ಲ, ಸಾಲ ಮಾತ್ರ ಅವನದು.

ಕೊನೆಯದಾಗಿ, ಇದನ್ನೆಲ್ಲ ಬರೆಯಲು ತಕ್ಕ ಸಮಯ ಜಗಳದ ನಂತರದ್ದಲ್ಲ, ಕೊಳ್ಳುವ ಹೊತ್ತು. ಬ್ಯಾಂಕು ತನ್ನ ಹಣ ಬಾರದಿದ್ದರೆ ಏನು ಮಾಡುತ್ತೇನೆಂದು ಪುಟಗಟ್ಟಲೆ ಬರೆಸಿಕೊಂಡು ಪ್ರತಿ ಪುಟಕ್ಕೂ ಸಹಿ ಹಾಕಿಸುತ್ತದೆ. ಅದನ್ನು ಯಾರೂ ಅಪಶಕುನ ಎನ್ನುವುದಿಲ್ಲ. ಕೊಳ್ಳುವ ಇಬ್ಬರು ತಮ್ಮ ಪಾಲಿನ ಪ್ರಮಾಣ, ಹಾಕಿದ ಹಣದ ಲೆಕ್ಕ, ಬೇರೆಯಾದರೆ ವಾಸ ಯಾರದು, ಇನ್ನೊಬ್ಬರ ಪಾಲನ್ನು ಕೊಳ್ಳುವ ಮೊದಲ ಅವಕಾಶ ಯಾರಿಗೆ, ಬೆಲೆ ಕಟ್ಟುವ ಬಗೆ ಯಾವುದು ಎಂದು ಎರಡು ಪುಟದ ಕರಾರು ಮಾಡಿಕೊಂಡರೆ ಅದು ಅಪನಂಬಿಕೆಯಾಗುವುದಿಲ್ಲ. ವಕೀಲ ಮಿತ್ರರು ಕ್ರಯಪತ್ರದ ಕರಡು ಮಾಡುವಾಗಲೇ ಈ ಸಲಹೆ ಕೊಡಲಿ. ಕಾನೂನು ವಿದ್ಯಾರ್ಥಿಗಳು ಅಂಥ ಕರಾರನ್ನು ಸರಳ ಕನ್ನಡದಲ್ಲಿ ಬರೆಯುವುದನ್ನು ಕಲಿಯಲಿ. ಪಾಲು ಕಾನೂನು ಕೊಟ್ಟ ಹಕ್ಕು, ಅದನ್ನು ಯಾರೂ ಕಸಿಯಬಾರದು. ಪ್ರವೇಶ ಇನ್ನೊಬ್ಬರ ಬಾಳಿನೊಳಕ್ಕೆ ಇಡುವ ಹೆಜ್ಜೆ, ಅದಕ್ಕೆ ಕಾರಣ ಬೇಕು, ಮುನ್ಸೂಚನೆ ಬೇಕು, ಮಿತಿ ಬೇಕು. ಈ ಭೇದವನ್ನು ಒಪ್ಪಿಕೊಂಡ ಕೋರ್ಟಿನಲ್ಲಿ ಬೀಗ ಬದಲಾಯಿಸಿದ ಹೆಂಡತಿಯನ್ನು ಅತಿಕ್ರಮಿಯೆಂದಾಗಲಿ, ತನ್ನ ಕಾಗದಪತ್ರ ಕೇಳಲು ಬಂದ ಗಂಡನನ್ನು ದಾಳಿಕಾರನೆಂದಾಗಲಿ ಆರಂಭದಲ್ಲೇ ತೀರ್ಮಾನಿಸಬೇಕಾಗುವುದಿಲ್ಲ.